ಎರಡೂ ಕಡೆ ಇಳಿಜಾರಿರುವ ಊರು: ನ್ಯೂಬರೋ ಮತ್ತು ರಿಡೋ ಕಾಲುವೆಯ ನೆತ್ತಿ

ನ್ಯೂಬರೋದಲ್ಲಿ ದೋಣಿ ಹತ್ತಿದರೆ ಯಾವ ಕಡೆ ಹೊರಟರೂ ಇಳಿಜಾರೇ. ಒಂದು ಕಡೆ ಹೊರಟರೆ ಒಟ್ಟಾವಾ ನದಿಗೆ ಇಳಿಯುತ್ತೀರಿ. ಇನ್ನೊಂದು ಕಡೆ ಹೊರಟರೆ ಒಂಟಾರಿಯೊ ಸರೋವರಕ್ಕೆ. ಆದರೆ ಊರಿನ ಸುತ್ತ ಬೆಟ್ಟವೂ ಕಾಣಲ್ಲ, ಜಲಪಾತವೂ ಕಾಣಲ್ಲ. ಕನ್ನಡಿಯ ಹಾಗೆ ಚಪ್ಪಟೆಯಾಗಿ ಮಲಗಿದ ನೀರು, ಮರದ ಕಟ್ಟೆಗೆ ಕಟ್ಟಿದ ದೋಣಿಗಳು, ಐಸ್‌ಕ್ರೀಮ್ ತಿನ್ನುತ್ತಾ ಅಡ್ಡಾಡುವ ಜನ. ನೀವು ಒಂದು ಮೆಟ್ಟಿಲಸಾಲಿನ ತುತ್ತತುದಿಯಲ್ಲಿ ನಿಂತಿದ್ದೀರಿ ಅಂತ ಯಾರಾದರೂ ಹೇಳಿದರಷ್ಟೇ ಗೊತ್ತಾಗೋದು.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಒಟ್ಟಾವಾದಿಂದ ಕಾರಿನಲ್ಲಿ ಹೆಚ್ಚುಕಮ್ಮಿ ಒಂದೂವರೆ ಗಂಟೆ ದೂರದಲ್ಲಿ ಈ ಊರಿದೆ. ಊರು ಅನ್ನೋದೇ ಜಾಸ್ತಿ ಆಯಿತೇನೋ, ಕೆಲವು ನೂರು ಜನ ಅಷ್ಟೇ. ಒಂದು ಪಕ್ಕ ಅಪ್ಪರ್ ರಿಡೋ ಎಂಬ ಕೆರೆ, ಇನ್ನೊಂದು ಪಕ್ಕ ನ್ಯೂಬರೋ ಕೆರೆ. ನಡುವೆ ಬಂಡೆ ಕೊರೆದು ಮಾಡಿದ ಕಿರಿದಾದ ಕಾಲುವೆ. ಆ ಕಾಲುವೆ 202 ಕಿಲೋಮೀಟರ್ ಉದ್ದದ ರಿಡೋ ಕಾಲುವೆಯ ಒಂದು ತುಣುಕು. ಇಡೀ ಕಾಲುವೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಈ ತುಣುಕನ್ನು ಅರ್ಥಮಾಡಿಕೊಂಡರೆ ಸಾಕು ಅನ್ನೋದು ನನ್ನ ಲೆಕ್ಕ.

ಮೊದಲು, ಇಂಥ ಕಾಡಿನಲ್ಲಿ ಕಾಲುವೆ ಯಾಕೆ ಬೇಕಾಯಿತು ನೋಡೋಣ. ಇದಕ್ಕೆ ವ್ಯಾಪಾರಕ್ಕಿಂತ ಮುಖ್ಯ ಕಾರಣ ಭಯ. 1812ರಲ್ಲಿ ಬ್ರಿಟನ್‌ಗೂ ಅಮೆರಿಕಕ್ಕೂ ಯುದ್ಧವಾಯಿತು. ಕೆನಡಾ ಆಗ ಬ್ರಿಟಿಷರದ್ದು. ಮಾಂಟ್ರಿಯಲ್‌ನಿಂದ ಒಂಟಾರಿಯೊ ಸರೋವರದ ದಡದ ಕಿಂಗ್‌ಸ್ಟನ್‌ಗೆ ಫಿರಂಗಿ, ಮದ್ದುಗುಂಡು, ಹಿಟ್ಟು ಎಲ್ಲವೂ ಸೇಂಟ್ ಲಾರೆನ್ಸ್ ನದಿಯ ಮೇಲೇ ಹೋಗಬೇಕಿತ್ತು. ಆ ನದಿಯ ಬಹುಪಾಲು ದಾರಿಗೆ ಎದುರು ದಂಡೆ ಅಮೆರಿಕದ್ದು. ಶತ್ರುವಿನ ಕಿಟಕಿ ಕೆಳಗೇ ನಮ್ಮ ಸಾಮಾನಿನ ಗಾಡಿ ಹೋದ ಹಾಗೆ. ಯುದ್ಧ ಮುಗಿಯಿತು, ಗಡಿ ಬದಲಾಗಲಿಲ್ಲ, ಆದರೆ ಬ್ರಿಟಿಷರಿಗೆ ನಿದ್ದೆ ಹೋಯಿತು. ಮುಂದಿನ ಯುದ್ಧದ ಹೊತ್ತಿಗೆ ಒಳದಾರಿ ಒಂದು ಇರಲೇಬೇಕು ಅಂತ ತೀರ್ಮಾನಿಸಿದರು.

ಒಳದಾರಿ ನಕ್ಷೆಯಲ್ಲಿ ಸುಲಭವಾಗಿ ಕಾಣುತ್ತಿತ್ತು. ಮಾಂಟ್ರಿಯಲ್‌ನಿಂದ ಒಟ್ಟಾವಾ ನದಿಯಲ್ಲಿ ಮೇಲಕ್ಕೆ ಬರೋದು. ಅಲ್ಲಿ ರಿಡೋ ನದಿ ಬಂದು ಸೇರುತ್ತದೆ. ಸೇರುವ ಜಾಗದಲ್ಲಿ ಅದು ತೆರೆಯ ಹಾಗೆ ಅಗಲವಾಗಿ ಧುಮುಕುತ್ತದೆ. ಫ್ರೆಂಚ್‌ನಲ್ಲಿ ರಿಡೋ ಅಂದರೆ ಪರದೆ, ಹೆಸರು ಬಂದಿದ್ದು ಅಲ್ಲಿಂದ. ಆ ನದಿಯ ಜಾಡು ಹಿಡಿದು ಮೇಲೆ ಮೇಲೆ ಹೋದರೆ ರಿಡೋ ಕೆರೆ. ಕೆರೆಯ ಆಚೆ ಒಂದು ದಿಬ್ಬ. ದಿಬ್ಬದ ಆಚೆಗಿನ ನೀರೆಲ್ಲ ದಕ್ಷಿಣಕ್ಕೆ ಹರಿಯುತ್ತದೆ. ಆ ಕಡೆಯ ಕೆರೆಗಳನ್ನೂ ಕ್ಯಾಟರಾಕ್ವಿ ನದಿಯನ್ನೂ ಹಿಡಿದರೆ ನೆಟ್ಟಗೆ ಕಿಂಗ್‌ಸ್ಟನ್. ಎರಡು ನೀರಿನ ದಾರಿಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ, ನಡುವೆ ಇರೋದು ಒಂದೆರಡು ಕಿಲೋಮೀಟರ್ ನೆಲ ಮಾತ್ರ. ಈ ನೆಲದ ಮೇಲೆ ಮೂಲನಿವಾಸಿಗಳು ಯಾವತ್ತಿನಿಂದಲೋ ದೋಣಿ ಹೊತ್ತುಕೊಂಡು ದಾಟುತ್ತಿದ್ದರು. ಬ್ರಿಟಿಷರು ಅದನ್ನು ಇಸ್ತಮಸ್, ಅಂದರೆ ಭೂಸಂಧಿ, ಎಂದು ಕರೆದರು. ಈಗಿನ ನ್ಯೂಬರೋ ಅಂದರೆ ಅದೇ ಜಾಗ.

ಅಳತೆಗೆ ಬರೋಣ. ಅಪ್ಪರ್ ರಿಡೋ ಕೆರೆ ಸಮುದ್ರಮಟ್ಟದಿಂದ ಸುಮಾರು 124 ಮೀಟರ್ ಎತ್ತರದಲ್ಲಿದೆ. ಒಟ್ಟಾವಾ ತುದಿಯಿಂದ ಇಲ್ಲಿಗೆ ದೋಣಿ 83 ಮೀಟರ್ ಹತ್ತಬೇಕು. ಇಲ್ಲಿಂದ ಕಿಂಗ್‌ಸ್ಟನ್‌ಗೆ 50 ಮೀಟರ್ ಇಳಿಯಬೇಕು. ದೋಣಿ ಗುಡ್ಡ ಹತ್ತುತ್ತದಾ ಅಂತ ಕೇಳಬಹುದು. ಹತ್ತುತ್ತದೆ, ಲಾಕ್ ಇದ್ದರೆ.

ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ. ಕೆಳಗಿನಿಂದ ದೋಣಿ ಬಂದಾಗ ತೊಟ್ಟಿಯ ನೀರು ಕೆಳಮಟ್ಟಕ್ಕೆ ಸಮ ಇರುತ್ತದೆ. ದೋಣಿ ಒಳಗೆ ಬರುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತಾರೆ. ಆಮೇಲೆ ಮೇಲಿನ ತೂಬು ತೆರೆಯುತ್ತಾರೆ. ನೀರು ತುಂಬುತ್ತದೆ, ದೋಣಿ ತಾನಾಗೇ ಏಳುತ್ತದೆ. ಮೇಲಿನ ಕೆರೆಯ ಮಟ್ಟ ಮುಟ್ಟಿದ ಮೇಲೆ ಮುಂದಿನ ಬಾಗಿಲು ತೆರೆದರೆ ಆಯಿತು. ಇಡೀ ಕೆಲಸದಲ್ಲಿ ಪಂಪು ಇಲ್ಲ, ಎಂಜಿನ್ ಇಲ್ಲ. ನೀರು ಕೆಳಕ್ಕೆ ಹರಿಯುತ್ತದೆ ಅನ್ನೋ ಒಂದೇ ಸತ್ಯದ ಮೇಲೆ ಟನ್‌ಗಟ್ಟಲೆ ಭಾರ ಮೇಲಕ್ಕೆ ಹೋಗುತ್ತದೆ.

ಬಾಗಿಲುಗಳನ್ನು ಒಂದು ನಿಮಿಷ ನಿಂತು ನೋಡಬೇಕು. ಎರಡು ಮರದ ಕದ ಮುಚ್ಚಿಕೊಂಡಾಗ ನೇರ ಗೋಡೆಯ ಹಾಗೆ ನಿಲ್ಲೋದಿಲ್ಲ. ನಮಸ್ಕಾರಕ್ಕೆ ಕೈ ಜೋಡಿಸಲು ಹೊರಟವರ ಅಂಗೈಗಳ ಹಾಗೆ ತುದಿಯಲ್ಲಿ ಕೂಡಿಕೊಂಡು, ಆ ತುದಿ ಮೇಲಿನ ನೀರಿನ ಕಡೆಗೆ ಚಾಚಿರುತ್ತದೆ. ಮೇಲಿನ ನೀರು ತಳ್ಳಿದಷ್ಟೂ ಕದಗಳು ಒಂದನ್ನೊಂದು ಬಿಗಿಯಾಗಿ ಒತ್ತುತ್ತವೆ. ಅಗುಳಿ ಬೇಡ, ಬೀಗ ಬೇಡ. ಎರಡೂ ಕಡೆ ನೀರು ಸಮವಾಗುವವರೆಗೆ ಹತ್ತು ಜನ ಎಳೆದರೂ ತೆರೆಯಲ್ಲ. ಸಮವಾದ ಕೂಡಲೇ ಇಬ್ಬರೇ ತಿರುಗಿಸಿ ತೆರೆಯಬಹುದು.

ಒಟ್ಟಾವಾದಲ್ಲಿ ಪಾರ್ಲಿಮೆಂಟ್ ಗುಡ್ಡದ ಪಕ್ಕದಲ್ಲೇ ಇಂಥ 8 ಲಾಕ್‌ಗಳು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಇವೆ. ಇಡೀ ದಾರಿಯಲ್ಲಿ 40ಕ್ಕೂ ಜಾಸ್ತಿ ಇವೆ.

ಇಷ್ಟು ಉದ್ದದ ಕಾಲುವೆ ಅಂದರೆ ಎಷ್ಟು ಅಗೆದಿರಬೇಕು ಅಲ್ವಾ? ಅಚ್ಚರಿಯ ಸಂಗತಿ ಅಂದರೆ 202 ಕಿಲೋಮೀಟರಿನಲ್ಲಿ ಮನುಷ್ಯರು ಅಗೆದದ್ದು ಹೆಚ್ಚುಕಮ್ಮಿ 19 ಕಿಲೋಮೀಟರ್ ಮಾತ್ರ. ಉಳಿದದ್ದೆಲ್ಲ ನದಿ ಮತ್ತು ಕೆರೆ. 1826ರಲ್ಲಿ ಈ ಕೆಲಸಕ್ಕೆ ಬಂದ ಮಿಲಿಟರಿ ಎಂಜಿನಿಯರ್ ಲೆಫ್ಟಿನೆಂಟ್ ಕರ್ನಲ್ ಜಾನ್ ಬೈ ಹಿಡಿದ ದಾರಿ ಅದು. ನದಿಯಲ್ಲಿ ಎಲ್ಲಿ ಬಂಡೆಗಲ್ಲಿನ ಮೇಲೆ ನೀರು ನೊರೆಗಟ್ಟಿ ಓಡುತ್ತದೋ ಅಲ್ಲಿ ಕೆಳಗೆ ಅಣೆಕಟ್ಟು ಹಾಕು. ನೀರು ಹಿಂದಕ್ಕೆ ನಿಂತು ಬಂಡೆಗಳನ್ನೆಲ್ಲ ಮುಳುಗಿಸುತ್ತದೆ. ಓಡುತ್ತಿದ್ದ ನದಿ ನಿಂತ ನೀರಾಗುತ್ತದೆ. ಅಣೆಕಟ್ಟಿನ ಪಕ್ಕದಲ್ಲಿ ಒಂದು ಲಾಕ್ ಕಟ್ಟಿದರೆ ದೋಣಿ ಸಲೀಸಾಗಿ ದಾಟುತ್ತದೆ. ಅಂದರೆ ಇದು ಕಾಲುವೆಗಿಂತ ಕೆರೆಗಳ ಸರಪಣಿ. ನ್ಯೂಬರೋದಿಂದ ಕಿಂಗ್‌ಸ್ಟನ್ ಕಡೆಗೆ ಹೋಗುವಾಗ ಸಿಗುವ ಜೋನ್ಸ್ ಫಾಲ್ಸ್‌ನಲ್ಲಿ ಸುಮಾರು 18 ಮೀಟರ್ ಎತ್ತರದ ಕಲ್ಲಿನ ಕಮಾನು ಅಣೆಕಟ್ಟಿದೆ. ನೀರಿನ ಕಡೆಗೆ ಬೆನ್ನು ಬಾಗಿಸಿ ನಿಂತಿದೆ. ಕಟ್ಟಿದ ಕಾಲಕ್ಕೆ ಉತ್ತರ ಅಮೆರಿಕದಲ್ಲಿ ಅದಕ್ಕಿಂತ ಎತ್ತರದ ಅಣೆಕಟ್ಟು ಇರಲಿಲ್ಲ.

ಈ ಉಪಾಯ ಎಲ್ಲ ಕಡೆ ನಡೆಯಿತು. ಇಸ್ತಮಸ್‌ನಲ್ಲಿ ನಡೆಯಲಿಲ್ಲ. ಯಾಕೆಂದರೆ ಅಲ್ಲಿ ಕಟ್ಟೆ ಹಾಕಲು ನದಿಯೇ ಇಲ್ಲ, ಇರೋದು ನೆಲ. ನೆಲವನ್ನು ಅಗೆಯಲೇಬೇಕು.

ಗುತ್ತಿಗೆದಾರರು ಮಣ್ಣು ತೆಗೆಯಲು ಶುರು ಮಾಡಿದರು. ಮೇಲೆ ಮಣ್ಣು, ಸ್ವಲ್ಪ ಕೆಳಗೆ ಹೋದರೆ ಬಂಡೆ. ಅದೂ ಸಾಮಾನ್ಯ ಬಂಡೆಯಲ್ಲ, ಕೆನಡಾದ ಹಳೆಯ ಗಟ್ಟಿ ಶಿಲೆ. ಡೈನಮೈಟ್ ಆಗಿನ್ನೂ ಹುಟ್ಟಿರಲಿಲ್ಲ. ಕೈಯಲ್ಲಿ ಉಳಿ ಹಿಡಿದು ತೂತು ಕೊರೆಯಬೇಕು, ಕರಿ ಮದ್ದು ತುಂಬಬೇಕು, ಬತ್ತಿ ಹಚ್ಚಿ ಓಡಬೇಕು. ಓಡೋದು ತಡವಾದರೆ ಕಥೆ ಮುಗಿಯಿತು. ಐರ್ಲೆಂಡಿನಿಂದ ಹಡಗಿಳಿದು ಬಂದ ಬಡವರು, ಫ್ರೆಂಚ್ ಕೆನಡಿಯನ್ನರು, ಅಂಥವರೇ ಕೂಲಿಯಾಳುಗಳು. ಕಲ್ಲಿನ ಕೆಲಸದಲ್ಲಿ ಸ್ಕಾಟ್ಲೆಂಡಿನವರು ಗಟ್ಟಿಗರು.

ಬಂಡೆಗಿಂತ ದೊಡ್ಡ ಶತ್ರು ಬೇಸಿಗೆಯ ಕೊನೆಗೆ ಬರುತ್ತಿತ್ತು. ಚಳಿಜ್ವರ.

ಕೆನಡಾದಲ್ಲಿ ಮಲೇರಿಯಾ ಅಂದರೆ ನಮ್ಮವರು ನಗುತ್ತಾರೆ. ನಾನೂ ಮೊದಲು ನಂಬಿರಲಿಲ್ಲ. ಮಲೆನಾಡಿನ ಹಳಬರು ಹೇಳುತ್ತಿದ್ದ ಅದೇ ಜ್ವರ. ಹಲ್ಲು ಕಟಕಟ ಅನ್ನುವ ನಡುಕ, ಆಮೇಲೆ ಮೈ ಸುಡುವ ಕಾವು, ಆಮೇಲೆ ಬೆವರು, ಮಾರನೇ ದಿನ ಸುಮ್ನೆ ಎದ್ದು ಓಡಾಡೋದು, ಅದರ ಮಾರನೇ ದಿನ ಮತ್ತೆ ನಡುಕ. ಇಲ್ಲಿದ್ದದ್ದು ವೈವ್ಯಾಕ್ಸ್ ಜಾತಿ. ಅದು ಯಕೃತ್ತಿನಲ್ಲಿ ಅಡಗಿ ಕೂತು ಚಳಿಗಾಲ ಕಳೆಯಬಲ್ಲದು. ಕಚ್ಚುತ್ತಿದ್ದದ್ದು ಅಲ್ಲಿಯದೇ ಅನಾಫಿಲಿಸ್ ಸೊಳ್ಳೆ. ರೋಗಾಣುವನ್ನು ಮೈಯಲ್ಲಿ ಹೊತ್ತು ತಂದವರು ಹೊರಗಿನಿಂದ ಬಂದ ಜನ. ಜೌಗು ನೆಲ, ಬೇಸಿಗೆಯ ಸೆಕೆ, ಒಂದೇ ಗುಡಿಸಲಿನಲ್ಲಿ ಹತ್ತಾರು ಜನ. ಸೊಳ್ಳೆಗೆ ಇನ್ನೇನು ಬೇಕು?

ಕಾಯಿಲೆ ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ಆಗಿನವರ ನಂಬಿಕೆ. ಮಲೇರಿಯಾ ಎಂಬ ಹೆಸರಿನ ಅರ್ಥವೇ ಅದು. ಹಾಗಾಗಿ ಕೆಲಸದ ಜಾಗದ ಸುತ್ತ ಕಾಡು ಕಡಿಸಿ ಗಾಳಿ ಆಡುವಂತೆ ಮಾಡಿದರು. ಕ್ವಿನೈನ್ ಸಿಗುತ್ತಿತ್ತು, ಆದರೆ ಕೂಲಿಯವರ ಕೈಗೆಟುಕುವ ಬೆಲೆಯಲ್ಲಿ ಅಲ್ಲ. ಖುದ್ದು ಬೈಗೂ ಈ ಜ್ವರ ಬಂತು. ಕಾಲುವೆ ಕಟ್ಟುವಾಗ ಸುಮಾರು 1,000 ಜನ ಸತ್ತರು, ಅದರಲ್ಲಿ ಅರ್ಧದಷ್ಟು ಮಲೇರಿಯಾದಿಂದ ಅಂತ ಇತಿಹಾಸಕಾರರ ಅಂದಾಜು. ಸಾವಿನ ಲೆಕ್ಕ ಸರಿಯಾಗಿ ಇಟ್ಟವರಿಲ್ಲ. ಸತ್ತವರು ಕೂಲಿಯವರಲ್ವಾ. ಕಾರಣ ಗೊತ್ತಾಗಲು ಇನ್ನೂ ಆರು ದಶಕ ಬೇಕಾಯಿತು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡ. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಮನೆಯ ಹತ್ತಿರದ ನೀರಿನ ತೊಟ್ಟಿ ಖಾಲಿ ಮಾಡಿಸಿದರೆ ಸೊಳ್ಳೆ ಕಡಿಮೆಯಾಗುತ್ತದೆ ಅಂತ ಗಮನಿಸಿದ್ದವನು ಆತ. ಇಸ್ತಮಸ್‌ನವರಿಗೆ ಆ ಒಂದು ಮಾತು ಗೊತ್ತಿದ್ದರೂ, ಜೌಗಿನ ನಡುವೆ ಎಷ್ಟು ತೊಟ್ಟಿ ಖಾಲಿ ಮಾಡುತ್ತಿದ್ದರೋ.

ಗುತ್ತಿಗೆದಾರರು ಕೈಚೆಲ್ಲಿದರು. ಬೈ ಸೈನ್ಯದಲ್ಲಿ ಅಗೆಯುವ, ಕಟ್ಟುವ ಕೆಲಸಕ್ಕೆಂದೇ ಇದ್ದ ಸ್ಯಾಪರ್ಸ್ ಅಂಡ್ ಮೈನರ್ಸ್ ಪಡೆಯವರನ್ನು ಅಲ್ಲಿಗೆ ಹಾಕಿದರು. ಆದರೂ ಯೋಜನೆಯಲ್ಲಿದ್ದ ಆಳಕ್ಕೆ ಬಂಡೆ ಒಡೆದು ಮುಗಿಸೋದು ಆಗದ ಮಾತು ಅಂತ ಅವರಿಗೆ ಅರ್ಥವಾಯಿತು. ಆಗ ಅವರು ಲೆಕ್ಕವನ್ನು ತಲೆಕೆಳಗು ಮಾಡಿದರು. ನೆಲವನ್ನು ನೀರಿನ ಮಟ್ಟಕ್ಕೆ ಇಳಿಸಲು ಆಗದಿದ್ದರೆ, ನೀರನ್ನೇ ನೆಲದ ಕಡೆಗೆ ಏರಿಸಿದರೆ ಹೇಗೆ?

ಆಗ ರಿಡೋ ಕೆರೆ ಒಂದೇ ಇತ್ತು. ಅದರ ನಡುವೆ ಒಂದು ಕಡೆ ಸೊಂಟದ ಹಾಗೆ ಕಿರಿದಾದ ಜಾಗ, ನ್ಯಾರೋಸ್ ಅಂತ ಹೆಸರು. ಅಲ್ಲಿ ಬೈ ಒಂದು ಅಣೆಕಟ್ಟನ್ನೂ ಒಂದು ಲಾಕನ್ನೂ ಹೊಸದಾಗಿ ಸೇರಿಸಿದರು. ಕೆರೆ ಎರಡಾಯಿತು. ಕೆಳಗಿನದು ಬಿಗ್ ರಿಡೋ, ಮೇಲಿನದು ಅಪ್ಪರ್ ರಿಡೋ. ಮೇಲಿನ ಕೆರೆಯ ನೀರು ಸುಮಾರು ಒಂದೂವರೆ ಮೀಟರ್ ಏರಿತು. ಆಚೆ ಕಡೆ ಇಸ್ತಮಸ್‌ನಲ್ಲಿ ನ್ಯೂಬರೋ ಲಾಕ್ ಕಟ್ಟಿದರು. ನೀರು ಮೇಲೆ ಬಂದಷ್ಟೂ ಬಂಡೆ ಕೊರೆಯುವ ಆಳ ಕಮ್ಮಿಯಾಯಿತು. ಒಂದೂವರೆ ಮೀಟರ್ ಅಂದರೆ ಏನು ಮಹಾ ಅನ್ನಿಸಬಹುದು. ಉಳಿ ಸುತ್ತಿಗೆ ಹಿಡಿದು, ಚಳಿಜ್ವರದಲ್ಲಿ ನಡುಗುತ್ತಾ, ದಿಬ್ಬದ ಉದ್ದಕ್ಕೂ ಅಷ್ಟು ಆಳದ ಕಲ್ಲು ತೆಗೆಯುವವನನ್ನು ಕೇಳಬೇಕು.

ನಮ್ಮ ಮಾತಿನಲ್ಲಿ ಕೆರೆ ಅಂದರೆ ಕಟ್ಟಿಸಿದ್ದು, ಸರೋವರ ಅಂದರೆ ತಾನಾಗಿ ಇದ್ದದ್ದು ಅನ್ನೋ ಒಂದು ನವಿರಾದ ಭೇದವಿದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಲೇಕ್. ಅಪ್ಪರ್ ರಿಡೋಗೆ ಕನ್ನಡದ ಕೆರೆ ಅನ್ನೋ ಪದವೇ ಸರಿ. ಅದಕ್ಕೆ ಏರಿ ಇದೆ, ತೂಬಿದೆ, ಹುಟ್ಟಿದ ಕಾರಣವೂ ಇದೆ.

1832ರ ಮೇ 24ರಂದು ಪಂಪರ್ ಎಂಬ ಉಗಿದೋಣಿ ಬೈ ಮತ್ತು ಅವರ ಮನೆಯವರನ್ನು ಹತ್ತಿಸಿಕೊಂಡು ಕಿಂಗ್‌ಸ್ಟನ್‌ನಿಂದ ಹೊರಟಿತು. ಐದು ದಿನಕ್ಕೆ ಬೈಟೌನ್ ತಲುಪಿತು. ಬೈಟೌನ್ ಅಂದರೆ ಈಗಿನ ಒಟ್ಟಾವಾ. ಕಾಲುವೆ ಕೆಲಸದ ಶಿಬಿರವೇ ಊರಾಗಿ, 1855ರಲ್ಲಿ ಹೆಸರು ಬದಲಿಸಿಕೊಂಡು, ಕೊನೆಗೆ ರಾಜಧಾನಿಯಾಯಿತು. ಬೈಗೆ ಮಾತ್ರ ಸನ್ಮಾನ ಸಿಗಲಿಲ್ಲ. 1825ರಲ್ಲಿ ಸೈನ್ಯದ ಸಮಿತಿ ಹಾಕಿದ ಅಂದಾಜು 1,69,000 ಪೌಂಡ್. ಉಗಿದೋಣಿ ಹಿಡಿಸುವಷ್ಟು ದೊಡ್ಡ ಲಾಕ್ ಬೇಕೆಂದು ಬೈ ಹಟ ಹಿಡಿದರು, ಗೆದ್ದರು. ಅವರದೇ ಪರಿಷ್ಕೃತ ಅಂದಾಜು 4,74,000. ಮುಗಿಯುವಾಗ ಆದದ್ದು 8 ಲಕ್ಷ ಪೌಂಡ್‌ಗೂ ಮೇಲೆ. ಲಂಡನ್ನಿಗೆ ಕರೆಸಿಕೊಂಡು ವಿಚಾರಣೆ ಮಾಡಿದರು. 1836ರಲ್ಲಿ ಬೇಸರದಲ್ಲೇ ತೀರಿಕೊಂಡರು. ಸರ್ಕಾರಿ ಕಾಮಗಾರಿಯ ಅಂದಾಜು ಮೀರೋದು ಯಾವ ದೇಶಕ್ಕೂ ಹೊಸದಲ್ಲ ಬಿಡಿ. ಆದರೆ ಮೊದಲ ಅಂದಾಜು ಹಾಕಿದವರು ಆ ಬಂಡೆಗೆ ಒಂದು ಪೆಟ್ಟೂ ಹೊಡೆದು ನೋಡಿರಲಿಲ್ಲ.

ಅಷ್ಟೆಲ್ಲ ಆಗಿ ಬಂದ ಯುದ್ಧ ಯಾವುದು? ಯಾವುದೂ ಇಲ್ಲ. ನ್ಯೂಬರೋ ಲಾಕ್ ಪಕ್ಕದಲ್ಲಿ ಕಾವಲಿಗೆ ಕಟ್ಟಿದ ದಪ್ಪ ಗೋಡೆಯ ಬ್ಲಾಕ್‌ಹೌಸ್ ಈಗಲೂ ಇದೆ. ಕೆಳಗೆ ಕಲ್ಲು, ಮೇಲೆ ಮರ. ಅಮೆರಿಕದ ಸೈನ್ಯ ಅದರ ಎದುರು ಯಾವತ್ತೂ ಬರಲಿಲ್ಲ. ಬಂದದ್ದು ವಲಸಿಗರು, ಮರದ ದಿಮ್ಮಿ, ಧಾನ್ಯ. ಸೇಂಟ್ ಲಾರೆನ್ಸ್ ನದಿಯ ರಭಸದ ಜಾಗಗಳಲ್ಲಿ ಆಗಿನ್ನೂ ದೊಡ್ಡ ಕಾಲುವೆಗಳಿರಲಿಲ್ಲ, ಹಾಗಾಗಿ ಮೇಲ್ಮುಖದ ಸಾಗಾಟವೆಲ್ಲ ರಿಡೋ ಮೇಲೇ. 1840ರ ದಶಕದ ಕೊನೆಗೆ ಅಲ್ಲಿ ಕಾಲುವೆಗಳಾದವು, ವ್ಯಾಪಾರ ಆ ಕಡೆ ಹೋಯಿತು. ಆಮೇಲೆ ರೈಲು. ಅಪ್ಪರ್ ರಿಡೋದ ಇನ್ನೊಂದು ತುದಿಯ ವೆಸ್ಟ್‌ಪೋರ್ಟ್ ಊರಿಗೆ 1888ರಲ್ಲಿ ಒಂದು ರೈಲು ಬಂತು. ಅದರ ಹೆಸರಿನಲ್ಲಿ ಸೂ ಸೇಂಟ್ ಮೇರಿ ಎಂಬ ದೂರದ ಊರೂ ಸೇರಿತ್ತು. ರೈಲು ವೆಸ್ಟ್‌ಪೋರ್ಟ್ ದಾಟಿ ಮುಂದೆ ಹೋಗಲೇ ಇಲ್ಲ. 1952ರಲ್ಲಿ ಹಳಿಯನ್ನೂ ಮುಚ್ಚಿದರು. ಕಾಲುವೆ ಉಳಿಯಿತು. ವ್ಯಾಪಾರ ತಪ್ಪಿದ್ದರಿಂದಲೇ ಯಾರೂ ಅದನ್ನು ಅಗಲ ಮಾಡಲಿಲ್ಲ, ಹೊಸದಾಗಿ ಕಟ್ಟಲಿಲ್ಲ. ಹಾಗೆ ಹಳೆಯ ದಾರಿ, ಹಳೆಯ ಅಳತೆ, ಬಹುಪಾಲು ಹಳೆಯ ಕಲ್ಲು ಹಾಗೇ ಉಳಿದು 2007ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಇವತ್ತಿಗೂ ಹೆಚ್ಚಿನ ಲಾಕ್‌ಗಳನ್ನು ಕೈಯಲ್ಲೇ ತಿರುಗಿಸುತ್ತಾರೆ. ನ್ಯೂಬರೋ ಸೇರಿ ಕೆಲವು ಕಡೆ ಮಾತ್ರ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ. ನನಗೆ ಇದು ಸ್ವಲ್ಪ ಮೋಸ ಅನ್ನಿಸಿತು. ಅದಕ್ಕೇ ನ್ಯಾರೋಸ್‌ಗೆ ಹೋಗಿ ನಿಂತೆ. ಬೇಸಿಗೆ ಕೆಲಸಕ್ಕೆ ಬಂದ ಇಬ್ಬರು ಹುಡುಗಿಯರು, ಆಚೆ ದಡದಲ್ಲೊಬ್ಬಳು ಈಚೆ ದಡದಲ್ಲೊಬ್ಬಳು, ಕಬ್ಬಿಣದ ಹಿಡಿಕೆಗೆ ಬೆನ್ನು ಬಾಗಿಸಿ ತಿರುಗಿಸುತ್ತಿದ್ದರು. ಸರಪಣಿ ಕರಕರ ಅನ್ನುತ್ತಾ ನೀರಿನಿಂದ ಮೇಲೆ ಬಂತು, ಪಾಚಿ ಹಿಡಿದು ಹಸಿರಾಗಿತ್ತು. ಕದ ಎಷ್ಟು ನಿಧಾನ ಅಂದರೆ ಅದು ಚಲಿಸುತ್ತಿದೆ ಅಂತ ಗೊತ್ತಾಗೋದು ಮುಂದಿನ ನೀರಿನ ಸುಳಿಯಿಂದ. ಇಲ್ಲಿಯ ಏರಿಳಿತ ಈಗ ಒಂದು ಮೀಟರೂ ಇಲ್ಲ. ಆ ದೋಣಿಯಲ್ಲಿದ್ದವರಿಗೆ ಏರಿದ್ದೇ ಗೊತ್ತಾಗಲಿಲ್ಲವೇನೋ, ಸ್ಯಾಂಡ್‌ವಿಚ್ ತಿನ್ನುತ್ತಾ ಕೂತಿದ್ದರು.

ನೆತ್ತಿಯ ಮೇಲಿನ ಕೆರೆಗೆ ಒಂದು ಕಷ್ಟವಿದೆ. ಎಲ್ಲ ಕಡೆ ಕೊಡೋದೇ, ಮೇಲಿನಿಂದ ಕೊಡುವ ದೊಡ್ಡ ನದಿ ಇಲ್ಲ. ನ್ಯೂಬರೋ ಲಾಕ್ ಸುಮಾರು 41 ಮೀಟರ್ ಉದ್ದ, 10 ಮೀಟರ್ ಅಗಲ. ಇಳಿಯುವ ಎತ್ತರ ಎರಡೂವರೆ ಮೀಟರಿಗೆ ಹತ್ತಿರ. ಗುಣಿಸಿ ನೋಡಿ, ಒಂದು ಸಲ ತುಂಬಿ ಖಾಲಿಯಾದರೆ ಹತ್ತಿರ ಹತ್ತಿರ 10 ಲಕ್ಷ ಲೀಟರ್. ಬೆಂಗಳೂರಿನ ಲೆಕ್ಕದಲ್ಲಿ 12,000 ಲೀಟರಿನ ಟ್ಯಾಂಕರ್ ಆದರೆ 80ಕ್ಕೂ ಜಾಸ್ತಿ. ಅಷ್ಟು ನೀರು ಒಂದು ದೋಣಿಯ ನೆಪದಲ್ಲಿ, ಒಟ್ಟಾವಾ ಕಡೆ ಹೋಗಬೇಕಿದ್ದದ್ದು, ದಿಬ್ಬ ದಾಟಿ ದಕ್ಷಿಣಕ್ಕೆ ಹೋಗುತ್ತದೆ. ಆದ್ದರಿಂದ ಕೆರೆಗಳ ಮಟ್ಟ ಕಾಯೋದೇ ಇಲ್ಲಿ ದೊಡ್ಡ ಕೆಲಸ. ಬಿಗ್ ರಿಡೋದ ಮಟ್ಟವನ್ನು ಕಾಯುವ ಅಣೆಕಟ್ಟು ಸ್ಮಿತ್ಸ್ ಫಾಲ್ಸ್ ಹತ್ತಿರ ಇದೆ. ಆ ಜಾಗದ ಹೆಸರು ಓದಿ ನಾನು ಕಾರು ನಿಲ್ಲಿಸಿದೆ. ಪೂನಮಲಿ. ಬೆಂಗಳೂರಿನಿಂದ ಚೆನ್ನೈಗೆ ಬಸ್ಸಿನಲ್ಲಿ ಹೋದವರಿಗೆ ಊರು ಸೇರುವ ಮುಂಚೆ ಸಿಗುತ್ತದಲ್ಲ, ಅದೇ ಪೂನಮಲ್ಲಿ. ಮದ್ರಾಸಿನ ಹತ್ತಿರದ ಆ ದಂಡಿನ ಊರಿನ ಹೆಸರನ್ನು ಬ್ರಿಟಿಷರು ಇಲ್ಲಿಗೆ ಹೊತ್ತು ತಂದಿದ್ದರು. ಅಲ್ಲಿ ಯಾರಿಗೂ ಅದು ವಿಚಿತ್ರ ಹೆಸರು ಅನ್ನಿಸೋದಿಲ್ಲ.

ಮಟ್ಟ ಕಾಯುವ ಉಪಕರಣವಂತೂ ತೀರಾ ಸರಳ. ಅಣೆಕಟ್ಟಿನ ಕಿಂಡಿಯಲ್ಲಿ ಎರಡೂ ಪಕ್ಕ ಉದ್ದ ಸೀಳು ಕೊರೆದಿರುತ್ತಾರೆ. ಅದರಲ್ಲಿ ಉದ್ದನೆಯ ಮರದ ತೊಲೆಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ನೀರು ಹಿಡಿಯಬೇಕಾದರೆ ಒಂದು ತೊಲೆ ಸೇರಿಸು, ಬಿಡಬೇಕಾದರೆ ಒಂದು ತೆಗೆ. ಕಾಲುವೆ ತೆರೆದಿರೋದು ಮೇ ತಿಂಗಳ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಕೊನೆಯ ದೋಣಿ ಹೋದ ಮೇಲೆ, ಮುಂದಿನ ವಸಂತದಲ್ಲಿ ಕರಗುವ ಹಿಮಕ್ಕೆ ಜಾಗ ಮಾಡಿಕೊಡಲು ತೊಲೆಗಳನ್ನು ಒಂದೊಂದಾಗಿ ಎತ್ತುತ್ತಾರೆ. ಕೆರೆ ಮೆಲ್ಲಗೆ ಇಳಿಯುತ್ತದೆ. ದಡದ ಮನೆಗಳ ಮುಂದಿನ ಮರದ ಕಟ್ಟೆಗಳು ಉದ್ದ ಕಾಲು ಬಿಟ್ಟುಕೊಂಡು ಕೊಕ್ಕರೆಗಳ ಹಾಗೆ ನಿಲ್ಲುತ್ತವೆ. ಬೇಸಿಗೆಯಲ್ಲಿ ನೀರು ಮುಚ್ಚಿದ್ದ ದಡದ ಕಲ್ಲುಗಳು ಮೇಲೆ ಬರುತ್ತವೆ, ಅವುಗಳ ಮೇಲೆ ನೀರಿನ ಮಟ್ಟದ ಗೆರೆ ಬಿಳಿಯಾಗಿ ಕಾಣುತ್ತದೆ.